ಟ್ಯೂಕ್ಸ್‌ಬರಿ ಅಬೆ: ಊರು ಉಳಿಸಿಕೊಂಡ ಒಂಬೈನೂರು ವರ್ಷ

ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್ ಸೀಮೆಯಲ್ಲಿ ಏವನ್ ನದಿ ಸೆವರ್ನ್ ನದಿಯನ್ನು ಕೂಡುವಲ್ಲಿ ಟ್ಯೂಕ್ಸ್‌ಬರಿ ಎಂಬ ಹಳೆಯ ಸಂತೆಯೂರಿದೆ. ಆ ಊರಿನ ಕನ್ಯಾ ಮರಿಯಮ್ಮನ ದೇವಾಲಯಕ್ಕೆ 1121ರ ಅಕ್ಟೋಬರ್ 23ರಂದು ವೂಸ್ಟರಿನ ಬಿಷಪ್ ಥಿಯುಲ್ಫ್ ಪ್ರತಿಷ್ಠೆ ನೆರವೇರಿಸಿದರು. 2021ಕ್ಕೆ ಅದು ನಡೆದು ಒಂಬೈನೂರು ವರ್ಷ ತುಂಬಿತು. ಅಬೆ ಎಂದರೆ ಕ್ರೈಸ್ತ ಸನ್ಯಾಸಿಗಳ ಮಠ. ಇಲ್ಲಿನ ಮಠ ಮುಚ್ಚಿ ಐನೂರು ವರ್ಷವಾಗುತ್ತ ಬಂತು. ಆದರೂ ಊರಿನವರು ಇಂದಿಗೂ ಇದನ್ನು ಅಬೆ ಎಂದೇ ಕರೆಯುತ್ತಾರೆ, ಭಾನುವಾರ ಪ್ರಾರ್ಥನೆಗೆ ಇಲ್ಲಿಗೇ ಬರುತ್ತಾರೆ.

ಈ ದೇವಾಲಯದ ಚರಿತ್ರೆಯನ್ನು ದೊಡ್ಡವರ ಹೆಸರುಗಳಲ್ಲಿ ಹೇಳುವುದು ವಾಡಿಕೆ. ಒಳಗೆ ಕಾಲಿಟ್ಟವರಿಗೆ ಅದರಲ್ಲಿ ಅಚ್ಚರಿಯೇನೂ ಕಾಣದು. ಬಲಿಪೀಠದ ಸುತ್ತ ದೊಡ್ಡ ಸರದಾರರಾದ ಅರ್ಲ್‌ಗಳು, ಅವರ ಹೆಂಡಂದಿರು, ರಾಜಕುಮಾರರು ಮಲಗಿದ್ದಾರೆ. ಕಿಟಕಿಗಳಲ್ಲಿ ಕವಚ ತೊಟ್ಟ ಸರದಾರರು ನಿಂತಿದ್ದಾರೆ. ಕಟ್ಟಿದವರು ಅವರೇ, ನಿಜ. ಅವರ ವಂಶಗಳು ಅಳಿದವು, ಮಠವೂ ಅಳಿಯಿತು, ಕಟ್ಟಡ ಮಾತ್ರ ಉಳಿಯಿತು. ಉಳಿಸಿದವರು ಈ ಸಣ್ಣ ಊರಿನ ಜನ. ಅವರಲ್ಲಿ ಹೆಚ್ಚಿನವರ ಹೆಸರು ಕಲ್ಲಿನ ಮೇಲೆಲ್ಲೂ ಇಲ್ಲ. ಅವರ ಪಾಲನ್ನು ಮುಂದಿಟ್ಟು ಬರೆಯುವುದು ನ್ಯಾಯ ಎಂದು ನನಗನ್ನಿಸುತ್ತದೆ.

ಸಂಗಮದ ನೆಲ: 1102ಕ್ಕೆ ಮೊದಲು

ಏಳನೆಯ ಶತಮಾನದಲ್ಲಿ ಥಿಯೋಕ್ ಎಂಬ ಏಕಾಂತವಾಸಿ ಸಾಧು ಇಲ್ಲಿ ಗುಡಿಸಲು ಕಟ್ಟಿಕೊಂಡಿದ್ದ, ಊರಿಗೆ ಅವನಿಂದಲೇ ಹೆಸರು ಬಂತು ಎಂದು ಐತಿಹ್ಯ ಹೇಳುತ್ತದೆ. 715ರಲ್ಲಿ ಓಡೋ ಮತ್ತು ಡೋಡೋ ಎಂಬ ಅಣ್ಣತಮ್ಮಂದಿರು ಚಿಕ್ಕದೊಂದು ಮಠ ಕಟ್ಟಿಸಿದರೆಂಬುದೂ ಮಠದ ಪರಂಪರೆಯಲ್ಲಿ ಬಂದ ಮಾತು. ಹತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಅದು ಡಾರ್ಸೆಟ್ ಸೀಮೆಯ ಕ್ರ್ಯಾನ್‌ಬೋರ್ನ್ ಮಠಕ್ಕೆ ಸೇರಿದ ಶಾಖೆಯಾಗಿತ್ತು.

1066ರಲ್ಲಿ ನಾರ್ಮಂಡಿಯಿಂದ ಬಂದ ವಿಲಿಯಂ ಇಂಗ್ಲೆಂಡನ್ನು ಗೆದ್ದಾಗ ಇಲ್ಲಿನ ಜಮೀನು ಬ್ರಿಕ್ಟ್ರಿಕ್ ಎಂಬ ಸ್ಯಾಕ್ಸನ್ ಸರದಾರನ ಕೈತಪ್ಪಿ ರಾಣಿ ಮಟಿಲ್ಡಾಳ ಪಾಲಾಯಿತು. ಮಟಿಲ್ಡಾ ಕನ್ಯೆಯಾಗಿದ್ದಾಗ ಅವಳನ್ನು ಮದುವೆಯಾಗಲು ಬ್ರಿಕ್ಟ್ರಿಕ್ ಒಪ್ಪಲಿಲ್ಲ, ಆ ಮುನಿಸನ್ನು ಅವಳು ಹೀಗೆ ತೀರಿಸಿಕೊಂಡಳು ಎಂದು ಕಥೆ ಕಟ್ಟಿದವರಿದ್ದಾರೆ. ಸೋತ ಸ್ಯಾಕ್ಸನ್ನರ ಭೂಮಿ ಗೆದ್ದ ನಾರ್ಮನ್ನರ ಕೈಗೆ ಹೋಗುವುದು ಆಗ ದೇಶದ ತುಂಬ ನಡೆದಿದ್ದ ಸಂಗತಿ, ಅದಕ್ಕೆ ಪ್ರೇಮಭಂಗದ ಕಾರಣವೇನೂ ಬೇಕಿರಲಿಲ್ಲ. ರಾಣಿ ತೀರಿಕೊಂಡ ಮೇಲೆ ಈ ನೆಲ ನಾರ್ಮನ್ ಸರದಾರ ರಾಬರ್ಟ್ ಫಿಟ್ಸ್‌ಹ್ಯಾಮನ್‌ಗೆ ಬಂತು. ದಕ್ಷಿಣ ವೇಲ್ಸಿನ ಗ್ಲಾಮೋರ್ಗನ್ ಸೀಮೆಯನ್ನು ಗೆದ್ದವನು ಇವನೇ. ಗೆದ್ದ ನೆಲದಲ್ಲಿ ಮಠ ಕಟ್ಟಿಸಿ ಉಂಬಳಿ ಬಿಡುವುದು ಆ ಕಾಲದ ಸರದಾರರಿಗೆ ಆತ್ಮದ ಲೆಕ್ಕವೂ ಹೌದು, ಆಡಳಿತದ ಲೆಕ್ಕವೂ ಹೌದು. ಓದುಬರಹ ಬಲ್ಲವರು, ಲೆಕ್ಕಪತ್ರ ಇಡುವವರು, ದಾರಿಹೋಕರಿಗೆ ತಂಗಲು ಜಾಗ ಕೊಡುವವರು, ಬಡವರಿಗೆ ಅನ್ನ ಹಾಕುವವರು ಸಿಗುತ್ತಿದ್ದುದು ಮಠಗಳಲ್ಲಿ.

ಗೋಪುರ ಏರಿದ ಕಾಲ: 1102ರಿಂದ 1178

ಕ್ರ್ಯಾನ್‌ಬೋರ್ನ್ ಮಠಾಧಿಪತಿ ಜೆರಾಲ್ಡ್ ಫಿಟ್ಸ್‌ಹ್ಯಾಮನ್‌ನ ಜೊತೆ ಸೇರಿ ಹೊಸ ಮಠದ ಕೆಲಸ ಆರಂಭಿಸಿದರು. 1102ರಲ್ಲಿ ಬೆನೆಡಿಕ್ಟೀನ್ ಪಂಥದ ಸನ್ಯಾಸಿಗಳು ಕ್ರ್ಯಾನ್‌ಬೋರ್ನ್ ಬಿಟ್ಟು ಇಲ್ಲಿ ಬಂದು ನೆಲೆಸಿದರು. ಅಲ್ಲಿಗೆ ಸಂಬಂಧ ತಿರುವುಮುರುವಾಯಿತು. ಶಾಖೆಯಾಗಿದ್ದ ಟ್ಯೂಕ್ಸ್‌ಬರಿ ಮೂಲಮಠವಾಯಿತು, ಮೂಲಮಠವಾಗಿದ್ದ ಕ್ರ್ಯಾನ್‌ಬೋರ್ನ್ ಶಾಖೆಯಾಯಿತು. ಅಲ್ಲಿ ಹಿಂದೆ ಉಳಿದವರಿಗೆ ಇದು ಸುಲಭವಾಗಿ ಹಿಡಿಸಿರಲಾರದು. ಎರಡು ಕಡೆಯೂ ಒಂದೇ ನಿಯಮದಡಿ ಪ್ರಾರ್ಥನೆ ಮುಂದುವರಿದದ್ದು ದೊಡ್ಡ ಮಾತು.

ಫಿಟ್ಸ್‌ಹ್ಯಾಮನ್ ದೇವಾಲಯ ಮುಗಿದದ್ದನ್ನು ನೋಡಲಿಲ್ಲ. ನಾರ್ಮಂಡಿಯ ಫಲೇಸ್ ಮುತ್ತಿಗೆಯಲ್ಲಿ ತಲೆಗೆ ಪೆಟ್ಟು ಬಿದ್ದು, 1107ರಲ್ಲಿ ತೀರಿಕೊಂಡ. ಅವನ ಮಗಳು ಮೇಬಲ್‌ಳನ್ನು ಮದುವೆಯಾದ ರಾಬರ್ಟ್, ದೊರೆ ಒಂದನೆಯ ಹೆನ್ರಿಯ ಮಗ. ವಿವಾಹದಾಚೆ ಹುಟ್ಟಿದವನಾದ್ದರಿಂದ ಅವನಿಗೆ ಸಿಂಹಾಸನದ ಹಕ್ಕಿರಲಿಲ್ಲ. ತಂದೆ ಅವನನ್ನು ಗ್ಲಾಸ್ಟರಿನ ಅರ್ಲ್ ಮಾಡಿದ. ಮಾವ ಆರಂಭಿಸಿದ ಕಟ್ಟಡವನ್ನು ಮುಂದುವರಿಸಿದವನು ಈ ಅಳಿಯ. 1129ರ ಸುಮಾರಿಗೆ ಬ್ರಿಸ್ಟಲ್‌ನಲ್ಲಿ ಸಂತ ಜೇಮ್ಸರ ಹೆಸರಿನಲ್ಲಿ ಟ್ಯೂಕ್ಸ್‌ಬರಿಗೆ ಸೇರಿದ ಶಾಖಾಮಠವನ್ನು ಸ್ಥಾಪಿಸಿದವನೂ ಅವನೇ. ಫಿಟ್ಸ್‌ಹ್ಯಾಮನ್ ಬಿಟ್ಟುಕೊಟ್ಟಿದ್ದ ವೇಲ್ಸಿನ ಚರ್ಚುಗಳೂ ಸೇರಿ, ಮಠದ ಆದಾಯ ಸೆವರ್ನ್ ನದಿಯ ಎರಡೂ ದಡಗಳಿಂದ ಬರತೊಡಗಿತು.

1121ರಲ್ಲಿ ಪ್ರತಿಷ್ಠೆಯಾದಾಗ ಕಟ್ಟಡ ಪೂರ್ಣಗೊಂಡಿರಲಿಲ್ಲ. ಸನ್ಯಾಸಿಗಳು ನಿಂತು ಹಾಡುವ ಪೂರ್ವದ ಭಾಗ ಸಿದ್ಧವಾಗಿದ್ದರೆ ಸಾಕಿತ್ತು, ಮಿಕ್ಕದ್ದು ನಿಧಾನವಾಗಿ ಬರುತ್ತಿತ್ತು. ಗೋಪುರ ತುದಿ ಮುಟ್ಟುವ ಹೊತ್ತಿಗೆ 1150 ಆಗಿತ್ತು. 46 ಅಡಿ ಚೌಕ, 148 ಅಡಿ ಎತ್ತರ. ಮೂರು ಹಂತಗಳಲ್ಲಿ ಅರೆವೃತ್ತದ ಸಣ್ಣ ಕಮಾನುಗಳ ಸಾಲು, ಅವುಗಳ ನಡುವೆ ಅಂಕುಡೊಂಕಿನ ಕೆತ್ತನೆ. ನಾರ್ಮನ್ ಕಾಲದ ಗೋಪುರಗಳಲ್ಲಿ ಇಂಗ್ಲೆಂಡಿನಲ್ಲಿ ಇದಕ್ಕೆ ಸಾಟಿಯಾದದ್ದು ಸಿಗುವುದು ಕಷ್ಟ ಎಂಬ ಮಾತಿಗೆ ವಾಸ್ತು ಬಲ್ಲವರು ಅಡ್ಡಿ ಹೇಳಿಲ್ಲ. ಪಶ್ಚಿಮದ ಮುಖಭಾಗದಲ್ಲಿ ಒಂದರೊಳಗೊಂದು ಸೇರಿ ಹಿಂದೆ ಸರಿಯುವ ಕಮಾನು 65 ಅಡಿ ಎತ್ತರಕ್ಕೆ ಎದ್ದಿದೆ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಮಾತಾಡಿಸುವುದು ಒಳಗಿನ ನಡುಹಜಾರ. ಎರಡು ಬದಿಗೂ ಏಳೇಳರಂತೆ ಹದಿನಾಲ್ಕು ದುಂಡುಕಂಬಗಳು, ಒಂದೊಂದೂ ಮೂವತ್ತು ಅಡಿ ಎತ್ತರ. ಕೆತ್ತನೆಯಿಲ್ಲ, ಅಲಂಕಾರವಿಲ್ಲ. ಸನ್ಯಾಸಿಗಳ ಜಾಗ ಪೂರ್ವಕ್ಕೆ, ತಡಿಕೆಯಾಚೆ. ಈ ಕಂಬಗಳ ನಡುವಿನ ಜಾಗ ಊರಿನವರದು. ಮಗುವಿಗೆ ದೀಕ್ಷಾಸ್ನಾನ, ಮದುವೆ, ಸತ್ತವರ ಪ್ರಾರ್ಥನೆ, ಹಬ್ಬ ಎಲ್ಲವೂ ಇಲ್ಲಿ ನಡೆಯುತ್ತಿದ್ದವು. ಒಂದೇ ಸೂರಿನಡಿ ಮಠವೂ ಊರಚರ್ಚೂ ಇದ್ದ ಈ ವ್ಯವಸ್ಥೆ ನಾನೂರು ವರ್ಷಗಳ ನಂತರ ಕಟ್ಟಡದ ಜೀವ ಉಳಿಸಿತು.

1178ರಲ್ಲಿ ಬೆಂಕಿ ಬಿದ್ದು ಒಂದಷ್ಟು ಭಾಗವನ್ನು ಮತ್ತೆ ಕಟ್ಟಬೇಕಾಯಿತು.

ವಿದ್ವಾಂಸರು, ದಾನಿಗಳು, ಕಿಟಕಿಗಳು: 1186ರಿಂದ 1439

1186ರಲ್ಲಿ ಮಠಾಧಿಪತಿಯಾಗಿ ಬಂದ ಆಲನ್ ಕ್ಯಾಂಟರ್‌ಬರಿಯಲ್ಲಿ ಹಿರಿಯ ಸ್ಥಾನದಲ್ಲಿದ್ದವರು. 1170ರಲ್ಲಿ ಕೊಲೆಯಾದ ಆರ್ಚ್‌ಬಿಷಪ್ ಥಾಮಸ್ ಬೆಕೆಟ್ ಅವರ ಪತ್ರಗಳನ್ನು ಒಟ್ಟುಗೂಡಿಸಿ ಕ್ರಮವಾಗಿ ಜೋಡಿಸಿದ ವಿದ್ವಾಂಸ. 1202ರಲ್ಲಿ ತೀರಿಕೊಳ್ಳುವವರೆಗೂ ಅವರು ಟ್ಯೂಕ್ಸ್‌ಬರಿಯಲ್ಲೇ ಇದ್ದರು. ಮುಂದಿನ ಶತಮಾನದಲ್ಲಿ ಇಲ್ಲಿನ ಸನ್ಯಾಸಿಗಳು ಬರೆದಿಟ್ಟ ವಾರ್ಷಿಕ ವೃತ್ತಾಂತ ಇಂದಿಗೂ ಇತಿಹಾಸಕಾರರಿಗೆ ಆಕರ. ಮಠದ ಕೊನೆಯ ದಶಕಗಳಲ್ಲಿ ಸಿದ್ಧವಾದ, ಸ್ಥಾಪಕರ ಮತ್ತು ದಾನಿಗಳ ಚಿತ್ರಗಳಿರುವ ಹಸ್ತಪ್ರತಿಯೊಂದು ಈಗ ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದಲ್ಲಿದೆ.

ಹದಿಮೂರನೆಯ ಶತಮಾನದಲ್ಲಿ ಪೋಷಕತ್ವ ಡಿ ಕ್ಲೇರ್ ವಂಶಕ್ಕೆ ಬಂತು. ಆ ವಂಶದ ಅರ್ಲ್‌ಗಳು ತಲೆಮಾರಿನಿಂದ ತಲೆಮಾರಿಗೆ ಇಲ್ಲೇ ಮಣ್ಣಾದರು. 1314ರಲ್ಲಿ ಸ್ಕಾಟ್ಲೆಂಡಿನ ಬ್ಯಾನಕ್‌ಬರ್ನ್ ಯುದ್ಧದಲ್ಲಿ ಕೊನೆಯ ಗಿಲ್ಬರ್ಟ್ ಡಿ ಕ್ಲೇರ್ ಸತ್ತಾಗ ಅವನಿಗೆ ಮಕ್ಕಳಿರಲಿಲ್ಲ. ಆಸ್ತಿ ಮೂವರು ಅಕ್ಕತಂಗಿಯರಿಗೆ ಹಂಚಿಹೋಗಿ, ಟ್ಯೂಕ್ಸ್‌ಬರಿ ಎಲೆನರ್‌ಳ ಪಾಲಿಗೆ ಬಂತು.

ಎಲೆನರ್‌ಳ ಗಂಡ ಹ್ಯೂ ಡೆಸ್ಪೆನ್ಸರ್, ದೊರೆ ಎರಡನೆಯ ಎಡ್ವರ್ಡನ ಆಪ್ತ. ದೇಶ ಅವನನ್ನು ದ್ವೇಷಿಸಿತು. 1326ರ ನವೆಂಬರ್‌ನಲ್ಲಿ ಹೆರೆಫರ್ಡಿನಲ್ಲಿ ಅವನನ್ನು ಭಯಂಕರವಾಗಿ ಕೊಂದು, ದೇಹವನ್ನು ತುಂಡು ಮಾಡಿ ಬೇರೆ ಬೇರೆ ಊರುಗಳಿಗೆ ಕಳಿಸಿದರು. ಕೆಲವು ವರ್ಷಗಳ ಮೇಲೆ ಅವಶೇಷಗಳನ್ನು ತಂದು ಇಲ್ಲಿ ಹೂಳಲು ಅನುಮತಿ ಸಿಕ್ಕಿತು. ಈ ಅವಧಿಯಲ್ಲೇ ದೇವಾಲಯದ ಪೂರ್ವಭಾಗ ಹೊಸ ರೂಪ ಪಡೆಯಿತು. ಬಲಿಪೀಠದ ಹಿಂದೆ ಅರ್ಧಚಂದ್ರಾಕಾರದ ಓಣಿ, ಅದರ ಸುತ್ತ ಸಣ್ಣ ಪ್ರಾರ್ಥನಾಗೃಹಗಳಾದ ಚಾಪೆಲ್‌ಗಳು, ಮೇಲೆ ಏಳು ಎತ್ತರದ ಬಣ್ಣದ ಗಾಜಿನ ಕಿಟಕಿಗಳು. 1340ರ ಸುಮಾರಿನ ಈ ಗಾಜು ಬಹುಮಟ್ಟಿಗೆ ಇಂದಿಗೂ ಅದೇ ಜಾಗದಲ್ಲಿದೆ. ಈ ಏಳರಲ್ಲಿ ಪಶ್ಚಿಮದ ತುದಿಯ ಎರಡು ಕಿಟಕಿಗಳಲ್ಲಿ ಫಿಟ್ಸ್‌ಹ್ಯಾಮನ್‌ನಿಂದ ಹಿಡಿದು ಡಿ ಕ್ಲೇರ್‌ಗಳವರೆಗೆ, ಎಲೆನರ್‌ಳ ಇಬ್ಬರು ಗಂಡಂದಿರವರೆಗೆ ಪೋಷಕ ಸರದಾರರು ಸಾಲಾಗಿ ನಿಂತಿದ್ದಾರೆ. ಪೂರ್ವದ ಕಿಟಕಿಯ ಚಿತ್ರ ಅಂತಿಮ ತೀರ್ಪಿನ ದಿನದ್ದು. ಅದರ ಕೆಳಮೂಲೆಯಲ್ಲಿ ಬಟ್ಟೆಯಿಲ್ಲದೆ ಮೊಣಕಾಲೂರಿ ಕೈಮುಗಿದ ಹೆಂಗಸೊಬ್ಬಳಿದ್ದಾಳೆ. ಅವಳು ಎಲೆನರ್ ಎಂದು ಬಹುಪಾಲು ವಿದ್ವಾಂಸರು ಭಾವಿಸುತ್ತಾರೆ. ವಂಶದ ಗಂಡಸರೆಲ್ಲ ಗುರಾಣಿ ಕತ್ತಿಗಳೊಂದಿಗೆ ನಿಂತಿರುವ ಕಡೆ, ಹಣ ಕೊಟ್ಟ ಹೆಣ್ಣು ತನ್ನನ್ನು ಹೀಗೆ ಕಾಣಿಸಿಕೊಳ್ಳಲು ಒಪ್ಪಿದಳು. ಕೊಲೆ, ಸೆರೆಮನೆ, ಆಸ್ತಿ ಜಪ್ತಿ ಎಲ್ಲವನ್ನೂ ಕಂಡವಳು ಅವಳು. ದೇವರ ಮುಂದೆ ಯಾವುದು ನಿಲ್ಲುತ್ತದೆ, ಯಾವುದು ನಿಲ್ಲುವುದಿಲ್ಲ ಎಂಬುದು ಅವಳಿಗೆ ತಿಳಿದಿತ್ತು ಎನ್ನದೆ ಆ ಚಿತ್ರವನ್ನು ನೋಡುವುದು ನನ್ನಿಂದಾಗದು.

ಅದೇ ಶತಮಾನದ ನಡುವಿನಲ್ಲಿ ನಡುಹಜಾರದ ಮರದ ಮಾಡು ತೆಗೆದು ಕಲ್ಲಿನ ಕಮಾನು ಛಾವಣಿ ಹಾಕಿದರು. ಕಲ್ಲಿನ ಪಕ್ಕೆಗಳು ಕೂಡುವ ಗಂಟುಗಳಲ್ಲಿ ಕ್ರಿಸ್ತನ ಜೀವನದ ಘಟನೆಗಳು, ವಾದ್ಯ ನುಡಿಸುವ ದೇವದೂತರು. 1375ರಲ್ಲಿ ತೀರಿಕೊಂಡ ಎಡ್ವರ್ಡ್ ಡೆಸ್ಪೆನ್ಸರ್‌ನ ಚಾಪೆಲ್ಲಿನ ನೆತ್ತಿಯ ಮೇಲೆ ಅವನದೇ ಬಣ್ಣದ ಪ್ರತಿಮೆ ಬಲಿಪೀಠದ ಕಡೆ ಮುಖಮಾಡಿ ಮೊಣಕಾಲೂರಿದೆ. 1397ರಲ್ಲಿ ಮಠಾಧಿಪತಿ ಥಾಮಸ್ ಪಾರ್ಕರ್ ಸ್ಥಾಪಕ ಫಿಟ್ಸ್‌ಹ್ಯಾಮನ್‌ನ ಸಮಾಧಿಯ ಮೇಲೆ ಕಲ್ಲಿನ ಚಾಪೆಲ್ ಕಟ್ಟಿಸಿದರು. 1439ರಲ್ಲಿ ತೀರಿಕೊಂಡ ವಾರಿಕ್‌ನ ಕೌಂಟೆಸ್ ಇಸಾಬೆಲ್ ಕಟ್ಟಿಸಿದ ಚಾಪೆಲ್ ಕಲ್ಲಿನ ಕಸೂತಿಯಂತಿದೆ.

ಮಠದ ಸಂಪತ್ತು ಸಮಾಧಿಗಳಿಗಷ್ಟೇ ಹೋಗಲಿಲ್ಲ. ಹದಿನೈದನೆಯ ಶತಮಾನದಲ್ಲಿ ಸನ್ಯಾಸಿಗಳು ಚರ್ಚ್ ಬೀದಿಯುದ್ದಕ್ಕೂ ಮರದ ಚೌಕಟ್ಟಿನ ಸಾಲುಮನೆಗಳನ್ನು ಕಟ್ಟಿಸಿದರು. ಕೆಳಗೆ ಅಂಗಡಿ, ಮೇಲೆ ಮನೆ, ವ್ಯಾಪಾರಿಗಳಿಗೆ ಬಾಡಿಗೆ. ಈಗಲೂ ಆ ಸಾಲು ಅಲ್ಲೇ ಇದೆ.

1471ರ ಮೇ ತಿಂಗಳು

ಇಂಗ್ಲೆಂಡಿನ ಸಿಂಹಾಸನಕ್ಕಾಗಿ ಯಾರ್ಕ್ ಮತ್ತು ಲ್ಯಾಂಕಾಸ್ಟರ್ ಮನೆತನಗಳು ನಡೆಸಿದ ದೀರ್ಘ ಕಲಹ 1471ರ ಮೇ 4ರಂದು ಈ ಊರಿನ ಅಂಚಿಗೆ ಬಂದು ನಿಂತಿತು. ಲ್ಯಾಂಕಾಸ್ಟರ್ ಪಕ್ಷದ ರಾಣಿ ಮಾರ್ಗರೆಟ್‌ಳ ಸೇನೆ ಸೆವರ್ನ್ ದಾಟಿ ವೇಲ್ಸ್ ಸೇರಬೇಕೆಂದು ಹೊರಟಿತ್ತು. ಯಾರ್ಕ್ ಪಕ್ಷದ ನಾಲ್ಕನೆಯ ಎಡ್ವರ್ಡ್ ಅದನ್ನು ಇಲ್ಲಿ ತಡೆದ. ರಾಣಿಯ ಒಬ್ಬನೇ ಮಗ, ಹದಿನೇಳು ವರ್ಷದ ರಾಜಕುಮಾರ ಎಡ್ವರ್ಡ್, ಅಂದು ಸತ್ತ. ಓಡಿದವರು ಬಿದ್ದ ಹುಲ್ಲುಗಾವಲಿಗೆ ಇಂದಿಗೂ ನೆತ್ತರ ಗಾವಲು ಎಂಬ ಅರ್ಥದ ಹೆಸರೇ ಇದೆ.

ಸೋತವರು ದೇವಾಲಯದೊಳಗೆ ನುಗ್ಗಿದರು. ಆಶ್ರಯ ಬೇಡಿ ಬಂದವರನ್ನು ಒಳಗೆ ಮುಟ್ಟುವಂತಿಲ್ಲ ಎಂಬುದು ಆ ಕಾಲದ ನಂಬಿಕೆ. ಗೆದ್ದವರು ಕತ್ತಿ ಹಿರಿದು ಬಂದಾಗ ಮಠಾಧಿಪತಿ ಸ್ಟ್ರೆನ್ಶಮ್ ಪವಿತ್ರ ಪ್ರಸಾದವನ್ನು ಕೈಯಲ್ಲಿ ಹಿಡಿದು ದೊರೆಯನ್ನು ಎದುರಿಸಿದರೆಂದು ಪರಂಪರೆ ಹೇಳುತ್ತದೆ. ಆದರೂ ಒಳಗೆ ರಕ್ತ ಹರಿಯಿತು. ಸಾಮರ್‌ಸೆಟ್‌ನ ಡ್ಯೂಕನೂ ಇತರ ಮುಂದಾಳುಗಳೂ ವಿಚಾರಣೆಯ ಹೆಸರಿನಲ್ಲಿ ಒಂದೆರಡು ದಿನದಲ್ಲೇ ಊರ ಪೇಟೆಯಲ್ಲಿ ತಲೆ ಕಳೆದುಕೊಂಡರು. ಮೈಲಿಗೆಯಾದ ದೇವಾಲಯವನ್ನು ಕೆಲಕಾಲ ಮುಚ್ಚಿ, ಶುದ್ಧಿ ಮಾಡಿ, ಮತ್ತೆ ಪ್ರತಿಷ್ಠೆ ಮಾಡಬೇಕಾಯಿತು.

ಸತ್ತ ರಾಜಕುಮಾರನನ್ನು ಗೋಪುರದ ಕೆಳಗೆ ಹೂಳಿದರು. ಅವನ ನೆತ್ತಿಯ ಮೇಲಿನ ಛಾವಣಿಯಲ್ಲಿ ಯಾರ್ಕ್ ಮನೆತನದ ಲಾಂಛನವಾದ ಬಂಗಾರದ ಸೂರ್ಯರನ್ನು ಗೆದ್ದವರು ಕೂರಿಸಿದರು. ಏಳು ವರ್ಷಗಳ ನಂತರ ದೊರೆಯ ಸ್ವಂತ ತಮ್ಮ, ಕ್ಲಾರೆನ್ಸ್‌ನ ಡ್ಯೂಕ್ ಜಾರ್ಜ್, ರಾಜದ್ರೋಹದ ಆರೋಪದಲ್ಲಿ ಲಂಡನ್ ಕೋಟೆಯಲ್ಲಿ ಸತ್ತು ಇಲ್ಲಿಗೇ ಬಂದ. ಬಲಿಪೀಠದ ಹಿಂದಿನ ನೆಲಮಾಳಿಗೆಯಲ್ಲಿ ಅವನೂ ಅವನ ಹೆಂಡತಿಯೂ ಇದ್ದಾರೆ. ಒಂದೇ ಯುದ್ಧದ ಎರಡು ಪಕ್ಷಗಳ ರಾಜಪುತ್ರರು ಹೀಗೆ ಕೆಲವೇ ಹೆಜ್ಜೆಗಳ ಅಂತರದಲ್ಲಿದ್ದಾರೆ. ಪೂಜಾಸಾಮಗ್ರಿ ಇಡುವ ಕೋಣೆಯ ಬಾಗಿಲಿನ ಒಳಬದಿಗೆ ಲೋಹದ ಪಟ್ಟಿಗಳನ್ನು ಬಡಿದು ಗಟ್ಟಿ ಮಾಡಲಾಗಿದೆ. ಅವು ಯುದ್ಧಭೂಮಿಯಲ್ಲಿ ಸಿಕ್ಕ ಕವಚಗಳ ತುಣುಕುಗಳು. ಸಾವಿನ ಲೋಹ ಕೂಡ ಕೆಲಸಕ್ಕೆ ಬಂತು.

ಬೇಡದ ಕಟ್ಟಡಗಳ ಪಟ್ಟಿ: 1540

ಎಂಟನೆಯ ಹೆನ್ರಿ ರೋಮಿನ ಪೋಪರೊಂದಿಗೆ ಸಂಬಂಧ ಕಡಿದುಕೊಂಡು, 1536ರಿಂದ ದೇಶದ ಮಠಗಳನ್ನು ಒಂದೊಂದಾಗಿ ಮುಚ್ಚಿಸಿದ. ಟ್ಯೂಕ್ಸ್‌ಬರಿಯ ಸರದಿ ಬಂದದ್ದು ಕೊನೆಕೊನೆಗೆ, 1540ರ ಜನವರಿ 9ರಂದು. ಆಗ ಅದರ ಆದಾಯ ವರ್ಷಕ್ಕೆ 1,500 ಪೌಂಡಿಗೂ ಮೀರಿತ್ತು. ಕೊನೆಯ ಮಠಾಧಿಪತಿ ಜಾನ್ ವೇಕ್‌ಮನ್ ಶರಣಾಗತಿ ಪತ್ರಕ್ಕೆ ಸಹಿ ಹಾಕಿದರು. ಅವರಿಗೆ ಪಿಂಚಣಿ ಸಿಕ್ಕಿತು, ಮರುವರ್ಷ ಹೊಸದಾಗಿ ರಚನೆಯಾದ ಗ್ಲಾಸ್ಟರ್ ಧರ್ಮಪ್ರಾಂತ್ಯದ ಮೊದಲ ಬಿಷಪ್ ಪದವಿಯೂ ಸಿಕ್ಕಿತು. ಅವರನ್ನು ದೂರುವವರಿದ್ದಾರೆ. ಪ್ರತಿಭಟಿಸಿದ ಕೆಲವು ಮಠಾಧಿಪತಿಗಳನ್ನು ದೊರೆ ಗಲ್ಲಿಗೇರಿಸಿದ್ದ ಕಾಲ ಅದು ಎಂಬುದನ್ನು ಮರೆಯದೆ ಅವರನ್ನು ತೂಗಬೇಕು. ಅವರ ಹೆಸರಿಗೆ ಅಂಟಿಕೊಂಡಿರುವ ಸಮಾಧಿಶಿಲ್ಪದಲ್ಲಿ ಕೊಳೆಯುತ್ತಿರುವ ಹೆಣ, ಅದರ ಮೇಲೆ ಹರಿದಾಡುವ ಹುಳುಹುಪ್ಪಟೆಗಳಿವೆ. ಶಿಲ್ಪ ಬಹುಶಃ ಅವರ ಕಾಲಕ್ಕಿಂತ ಹಳೆಯದು.

ದೊರೆಯ ಅಧಿಕಾರಿಗಳು ಬಂದು ಎರಡು ಪಟ್ಟಿ ಬರೆದರು. ಉಳಿಸಬೇಕಾದ ಕಟ್ಟಡಗಳದ್ದೊಂದು, ಅನಾವಶ್ಯಕವಾದವುಗಳದ್ದೊಂದು. ಮಠಾಧಿಪತಿಯ ವಸತಿ, ಹೆಬ್ಬಾಗಿಲು, ಕೊಟ್ಟಿಗೆ, ಕಣಜ ಮೊದಲ ಪಟ್ಟಿಯಲ್ಲಿದ್ದವು. ಅವನ್ನು ಬಳಸಬಹುದು, ಬಾಡಿಗೆಗೆ ಕೊಡಬಹುದು. ಎರಡನೆಯದರಲ್ಲಿ ದೇವಾಲಯವಿತ್ತು, ಸನ್ಯಾಸಿಗಳು ಓಡಾಡುವ ಮೊಗಸಾಲೆಯಿತ್ತು, ಸಭಾಗೃಹವಿತ್ತು, ಮಲಗುವ ಮನೆಗಳಿದ್ದವು, ಆಸ್ಪತ್ರೆಯಿತ್ತು. ಈ ಒಂಬೈನೂರು ವರ್ಷಗಳ ದಾಖಲೆಗಳಲ್ಲಿ ಇದರಷ್ಟು ಎದೆ ನಡುಗಿಸುವ ಕಾಗದ ಇನ್ನೊಂದಿಲ್ಲ. ಅನಾವಶ್ಯಕ ಎಂದು ಬರೆದ ಕಟ್ಟಡದ ಗತಿ ಎಲ್ಲರಿಗೂ ಗೊತ್ತಿತ್ತು. ಮಾಡಿನ ಸೀಸವನ್ನು ಕಳಚಿ ಕರಗಿಸುವುದು, ಗಂಟೆಗಳನ್ನು ಒಡೆದು ಮಾರುವುದು. ಮಾಡು ಹೋದ ಮೇಲೆ ಮಳೆ ತನ್ನ ಕೆಲಸ ಮಾಡುತ್ತದೆ, ಆಮೇಲೆ ಕಲ್ಲನ್ನು ಯಾರು ಬೇಕಾದರೂ ಹೊತ್ತೊಯ್ಯಬಹುದು. ದೇಶದ ನೂರಾರು ಮಠಗಳು ಹೀಗೆಯೇ ಹಾಳುಗೋಡೆಗಳಾದವು.

ಊರಿನವರು ಮುಂದೆ ಬಂದರು. ನಡುಹಜಾರ ಮೊದಲಿನಿಂದಲೂ ನಮ್ಮ ಊರಚರ್ಚು, ಅದು ಮಠದ್ದಲ್ಲ ಎಂಬುದು ಅವರ ಮೊದಲ ವಾದ. ಮಿಕ್ಕ ಭಾಗಕ್ಕೆ, ಅಂದರೆ ಸನ್ಯಾಸಿಗಳ ಪೂರ್ವಭಾಗಕ್ಕೆ, ಬೆಲೆ ಕೇಳಿದರು. ಸೀಸ ಮತ್ತು ಗಂಟೆಗಳ ಲೋಹದ ಬೆಲೆಯೇ ಕಟ್ಟಡದ ಬೆಲೆಯಾಯಿತು: 453 ಪೌಂಡು. ಅದನ್ನು ತೆತ್ತು ಊರಿನವರು ಕೊಂಡರು. ಆಗ ಟ್ಯೂಕ್ಸ್‌ಬರಿಗೆ ಸ್ವಂತ ಪುರಸಭೆಯೂ ಇರಲಿಲ್ಲ, ಅದಕ್ಕೆ ರಾಣಿ ಒಂದನೆಯ ಎಲಿಜಬೆತ್ ಸನದು ಕೊಟ್ಟದ್ದು 1575ರಲ್ಲಿ. ಉಣ್ಣೆ ಬಟ್ಟೆ ನೇಯುವವರು, ಚರ್ಮ ಹದ ಮಾಡುವವರು, ನದಿಯ ಮೇಲೆ ಸರಕು ಸಾಗಿಸುವವರು ಇದ್ದ ಊರು ಅದು. ಮರಿಯಮ್ಮನ ಹೆಸರಿನ ಪೂರ್ವತುದಿಯ ದೊಡ್ಡ ಚಾಪೆಲ್ ಉಳಿಯಲಿಲ್ಲ, ಮೊಗಸಾಲೆ ಉಳಿಯಲಿಲ್ಲ. ಗೋಪುರ, ನಡುಹಜಾರ, ಕಿಟಕಿ, ಸಮಾಧಿಗಳೆಲ್ಲ ಉಳಿದವು. ಅರ್ಲ್‌ಗಳ ಸಮಾಧಿಗಳನ್ನು ಕಾಪಾಡಿದ್ದು ಅರ್ಲ್‌ಗಳ ಪ್ರಜೆಗಳು.

ಊರಿನ ಕೈಯಲ್ಲಿ: 1559ರಿಂದ 1800ರವರೆಗೆ

ಕೊಂಡದ್ದು ಒಂದು ಸಲ, ಕಾಪಾಡುವುದು ಪ್ರತಿವರ್ಷ. ಗೋಪುರದ ಮೇಲೆ ಸೀಸ ಹೊದಿಸಿದ ಮರದ ಮೊನೆಶಿಖರವಿತ್ತು. 1559ರ ಈಸ್ಟರ್ ಸಮಯದಲ್ಲಿ ಅದು ಬಿದ್ದುಹೋಯಿತು, ಮತ್ತೆ ಕಟ್ಟಲಿಲ್ಲ. 1563ರಿಂದ, ಊರಿನ ಪರವಾಗಿ ಚರ್ಚಿನ ಹಣಕಾಸು ನೋಡಿಕೊಳ್ಳುವ ಚರ್ಚ್ ವಾರ್ಡನ್‌ಗಳ ಲೆಕ್ಕಪುಸ್ತಕಗಳು ಸಿಗುತ್ತವೆ. ನಾಟಕದ ವೇಷಭೂಷಣಗಳನ್ನು ಚರ್ಚು ಇಟ್ಟುಕೊಂಡು ಬೇರೆಯವರಿಗೆ ಬಾಡಿಗೆಗೆ ಕೊಡುತ್ತಿತ್ತೆಂದು ಅವುಗಳಿಂದ ತಿಳಿಯುತ್ತದೆ. 1600ರಲ್ಲಿ ಗೋಪುರದ ತಲೆಗೆ ಕಲ್ಲಿನ ಕೈಪಿಡಿಗೋಡೆ ಕಟ್ಟಲು ದುಡ್ಡು ಬೇಕಾದಾಗ, ದೇವಾಲಯದೊಳಗೇ ನಾಟಕ ಆಡಿಸಿ ಹಣ ಎತ್ತಿದರು. ಲಂಡನ್ನಿನಲ್ಲಿ ಶೇಕ್ಸ್‌ಪಿಯರ್ ಬರೆಯುತ್ತಿದ್ದ ಕಾಲವದು. ಸಹಾಯಾರ್ಥ ನಾಟಕಗಳನ್ನು ಕಂಡು ಬೆಳೆದ ನಮಗೆ ಆ ವಾರ್ಡನ್‌ಗಳು ಅಪರಿಚಿತರೆನಿಸುವುದಿಲ್ಲ.

1661ರ ಬಿರುಗಾಳಿಗೆ ಪಶ್ಚಿಮದ ದೊಡ್ಡ ಕಿಟಕಿ ಒಡೆದು ಒಳಗೆ ಬಿತ್ತು. ಅದನ್ನು ಮತ್ತೆ ಕಟ್ಟಿ ನಿಲ್ಲಿಸುವ ಹೊತ್ತಿಗೆ 1686 ಬಂತು. ಇಪ್ಪತ್ತೈದು ವರ್ಷದ ಈ ಅಂತರ ಊರಿನ ಬಡತನವನ್ನೂ ಹೇಳುತ್ತದೆ, ಹಟವನ್ನೂ ಹೇಳುತ್ತದೆ.

ಹದಿನೆಂಟನೆಯ ಶತಮಾನದ ದೊಡ್ಡ ಗಳಿಕೆ ಆರ್ಗನ್. ಆಕ್ಸ್‌ಫರ್ಡಿನ ಮಾಡ್ಲಿನ್ ಕಾಲೇಜಿಗಾಗಿ 1631ರಲ್ಲಿ ರಾಬರ್ಟ್ ಡಲ್ಲಮ್ ಮಾಡಿದ ವಾದ್ಯ ಅದು. ಕ್ರಾಮ್‌ವೆಲ್ ರಾಜಪ್ರಭುತ್ವವನ್ನು ಕೆಡವಿ ಅಧಿಕಾರದಲ್ಲಿದ್ದಾಗ ಅದನ್ನು ತನ್ನ ಹ್ಯಾಂಪ್ಟನ್ ಕೋರ್ಟ್ ಅರಮನೆಗೆ ತರಿಸಿಕೊಂಡ. ಅವನ ಕಾರ್ಯದರ್ಶಿಗಳಲ್ಲೊಬ್ಬನಾಗಿದ್ದ ಕವಿ ಮಿಲ್ಟನ್ ಅದನ್ನು ನುಡಿಸಿದನೆಂಬ ನಂಬಿಕೆಯಿಂದ ಮಿಲ್ಟನ್ ಆರ್ಗನ್ ಎಂಬ ಹೆಸರು ಬಂತು. ರಾಜಪ್ರಭುತ್ವ ಮರಳಿದ ಮೇಲೆ ಅದೂ ಕಾಲೇಜಿಗೆ ಮರಳಿ, 1730ರ ದಶಕದಲ್ಲಿ ಟ್ಯೂಕ್ಸ್‌ಬರಿಗೆ ಮಾರಾಟವಾಯಿತು. ಹಲವು ಸಲ ದುರಸ್ತಿ, ವಿಸ್ತರಣೆ ಕಂಡರೂ ಮುಂಭಾಗದ ಹಳೆಯ ಕೊಳವೆಗಳು ಇನ್ನೂ ಇವೆ.

ಸ್ಕಾಟ್ ಮತ್ತು ಮಾರಿಸ್: 1875ರಿಂದ 1887

ಹತ್ತೊಂಬತ್ತನೆಯ ಶತಮಾನದ ನಡುವಿನ ಹೊತ್ತಿಗೆ ಒಳಗೆಲ್ಲ ಗ್ಯಾಲರಿಗಳು, ಬಾಗಿಲು ಹಾಕಿದ ಖಾಸಗಿ ಆಸನಗಳು ತುಂಬಿ, ಹಳೆಯ ವಿಶಾಲತೆ ಮುಚ್ಚಿಹೋಗಿತ್ತು. 1875ರಲ್ಲಿ ಸರ್ ಜಾರ್ಜ್ ಗಿಲ್ಬರ್ಟ್ ಸ್ಕಾಟ್ ಅವರಿಗೆ ಜೀರ್ಣೋದ್ಧಾರದ ಕೆಲಸ ಒಪ್ಪಿಸಲಾಯಿತು. ಆ ಕಾಲದ ಇಂಗ್ಲೆಂಡಿನಲ್ಲಿ ಅವರಷ್ಟು ಚರ್ಚುಗಳನ್ನು ಮುಟ್ಟಿದ ವಾಸ್ತುಶಿಲ್ಪಿ ಇನ್ನೊಬ್ಬರಿರಲಿಲ್ಲ.

1877ರ ಮಾರ್ಚ್‌ನಲ್ಲಿ ಕವಿಯೂ ಕುಶಲಕರ್ಮಿಯೂ ಆಗಿದ್ದ ವಿಲಿಯಂ ಮಾರಿಸ್ ಲಂಡನ್ನಿನ ಅಥೀನಿಯಂ ಪತ್ರಿಕೆಗೆ ಟ್ಯೂಕ್ಸ್‌ಬರಿಯ ಕುರಿತು ಕಾಗದ ಬರೆದರು. ಹಳೆಯ ಕಟ್ಟಡವನ್ನು ಅದರ ಮೂಲಸ್ಥಿತಿಗೆ ತರುತ್ತೇವೆಂದು ಹೊರಟವರು, ನಡುವಿನ ಶತಮಾನಗಳು ಅದರ ಮೇಲೆ ಬಿಟ್ಟ ಗುರುತುಗಳನ್ನು ಅಳಿಸುತ್ತಾರೆ. ಮಾಡಬೇಕಾದದ್ದು ಕಾಲಕಾಲದ ರಿಪೇರಿ ಎಂಬುದು ಅವರ ನಿಲುವು. ಇಂಥ ಕಟ್ಟಡಗಳ ಕಾವಲಿಗೆ ಒಂದು ಸಂಘ ಬೇಕೆಂದು ಅದೇ ಕಾಗದದಲ್ಲಿ ಕೇಳಿದರು. ಕೆಲವೇ ದಿನಗಳಲ್ಲಿ, ಅದೇ ತಿಂಗಳು, ಪ್ರಾಚೀನ ಕಟ್ಟಡಗಳ ಸಂರಕ್ಷಣಾ ಸಂಘ ಹುಟ್ಟಿತು. ಇಂದಿಗೂ ಅದು ಕೆಲಸ ಮಾಡುತ್ತಿದೆ.

ಟ್ಯೂಕ್ಸ್‌ಬರಿಯ ಕೆಲಸ ನಿಲ್ಲಲಿಲ್ಲ. ಸ್ಕಾಟ್ 1878ರಲ್ಲಿ ತೀರಿಕೊಂಡರು, ಮಗ ಜಾನ್ ಓಲ್ಡ್ರಿಡ್ ಸ್ಕಾಟ್ ಮುಂದುವರಿಸಿದರು, 1879ರ ಸೆಪ್ಟೆಂಬರ್‌ನಲ್ಲಿ ದೇವಾಲಯ ಮತ್ತೆ ತೆರೆಯಿತು. ಸ್ಕಾಟ್ ಮತ್ತು ಮಾರಿಸ್ ಇಬ್ಬರಲ್ಲಿ ಯಾರು ಸರಿ ಎಂಬ ಚರ್ಚೆಯಲ್ಲಿ ಹಿಂದೆ ಕಟುಮಾತುಗಳೂ ಬಂದಿದ್ದವು. ನೂರೈವತ್ತು ವರ್ಷದ ದೂರದಿಂದ ನೋಡಿದರೆ ಇಬ್ಬರಿಗೂ ಋಣಿಯಾಗಿರಲು ಕಾರಣಗಳಿವೆ. ಸ್ಕಾಟ್ ಗ್ಯಾಲರಿಗಳನ್ನು ತೆಗೆಸಿದ್ದರಿಂದ ಆ ದುಂಡುಕಂಬಗಳು ಬುಡದಿಂದ ತುದಿಯವರೆಗೆ ಮತ್ತೆ ಕಾಣುವಂತಾದವು. ಮಾರಿಸರ ಎಚ್ಚರಿಕೆ ಟ್ಯೂಕ್ಸ್‌ಬರಿಯನ್ನು ಮೀರಿ ಬೆಳೆಯಿತು. ಭಾರತದಲ್ಲಿ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಜಾನ್ ಮಾರ್ಷಲ್ 1923ರಲ್ಲಿ ಪ್ರಕಟಿಸಿದ ಸಂರಕ್ಷಣಾ ಕೈಪಿಡಿಯಲ್ಲಿ ಅದೇ ವಿಚಾರದ ಛಾಯೆ ಸ್ಪಷ್ಟವಾಗಿದೆ. ಹಂಪಿಯಲ್ಲೋ ಪಟ್ಟದಕಲ್ಲಿನಲ್ಲೋ ಬಿದ್ದ ಶಿಲ್ಪದ ಬದಲು ಹೊಸದನ್ನು ಕೆತ್ತಿಸಿ ಕೂರಿಸದೆ, ಇದ್ದದ್ದನ್ನು ಇದ್ದಂತೆ ಭದ್ರಪಡಿಸುವ ಪದ್ಧತಿಯ ಹಿಂದೆ ಈ ಊರಿನ ಚರ್ಚೆಯ ಒಂದು ಎಳೆಯಿದೆ.

1885ರಲ್ಲಿ ಲಂಡನ್ನಿನ ಆವಿಷ್ಕಾರ ಪ್ರದರ್ಶನಕ್ಕಾಗಿ ಮಿಚೆಲ್ ಮತ್ತು ಥಿನ್ ಎಂಬ ತಯಾರಕರು ಮಾಡಿದ ಆರ್ಗನ್ ಎರಡು ವರ್ಷದ ನಂತರ, ವಿಕ್ಟೋರಿಯಾ ರಾಣಿಯ ಸುವರ್ಣ ಮಹೋತ್ಸವದ ನೆನಪಿಗೆ, ದಾನವಾಗಿ ಇಲ್ಲಿಗೆ ಬಂತು. ಕೊಟ್ಟ ಪಾದ್ರಿಯ ಹೆಸರಿನಿಂದ ಅದು ಗ್ರೋವ್ ಆರ್ಗನ್. ಒಂದೇ ಚರ್ಚಿನಲ್ಲಿ ಇಂಥ ಎರಡು ಚಾರಿತ್ರಿಕ ಆರ್ಗನ್‌ಗಳಿರುವುದು ಅಪರೂಪ.

ಹಾಡು, ಗಂಟೆ, ನೆರೆ: 1962ರಿಂದ 2021

1962ರಲ್ಲಿ ಲಫ್‌ಬರೋದ ಜಾನ್ ಟೇಲರ್ ಕಾರ್ಖಾನೆಯಲ್ಲಿ ಹನ್ನೆರಡು ಗಂಟೆಗಳ ಹೊಸ ಸಾಲನ್ನು ಎರಕ ಹೊಯ್ಯಿಸಲಾಯಿತು. ಹಳೆಯ ಕೆಲವು ಗಂಟೆಗಳು ಗಡಿಯಾರಕ್ಕಾಗಿ ಉಳಿದವು. 1969ರಲ್ಲಿ ಪ್ರಾರ್ಥನಾ ಸಂಗೀತದ ಮ್ಯೂಸಿಕಾ ದಿಯೋ ಸಾಕ್ರಾ ಎಂಬ ಬೇಸಗೆ ಉತ್ಸವ ಆರಂಭವಾಯಿತು. ಇಲ್ಲಿ ಸಂಗೀತವನ್ನು ವೇದಿಕೆಯ ಕಛೇರಿಯಾಗಿ ಹಾಡುವುದಿಲ್ಲ, ಅದು ಹುಟ್ಟಿದ ಪೂಜೆಯೊಳಗೇ ಹಾಡುತ್ತಾರೆ. 1973ರಲ್ಲಿ ಗಾಯಕ ಹುಡುಗರಿಗಾಗಿ ಅಬೆ ಶಾಲೆ ತೆರೆಯಿತು. ವಾರದ ದಿನಗಳ ಸಂಜೆ ಪ್ರಾರ್ಥನೆಯ ಹಾಡು ಅವರದಾಗಿತ್ತು. ಹಣಕಾಸಿನ ತೊಂದರೆಯಿಂದ 2006ರಲ್ಲಿ ಶಾಲೆ ಮುಚ್ಚಬೇಕಾಗಿ ಬಂದಾಗ ಊರಿಗೆ ನೋವಾಯಿತು. ಗಾಯನ ಮಾತ್ರ ನಿಲ್ಲಲಿಲ್ಲ. ಹತ್ತಿರದ ಚೆಲ್ಟೆನಮ್‌ನ ಡೀನ್ ಕ್ಲೋಸ್ ಶಾಲೆ ಹುಡುಗರನ್ನು ಸೇರಿಸಿಕೊಂಡಿತು. ತಂಡ ಸ್ಕೋಲಾ ಕಂಟೋರಮ್ ಎಂಬ ಹೆಸರಿನಲ್ಲಿ ಇದೇ ಛಾವಣಿಯಡಿ ಹಾಡು ಮುಂದುವರಿಸಿತು.

2002ರಲ್ಲಿ, ಸನ್ಯಾಸಿಗಳು ಬಂದ ಒಂಬೈನೂರನೆಯ ವರ್ಷಕ್ಕೆ, ಕಲಾವಿದ ಟಾಮ್ ಡೆನಿ ಮಾಡಿದ ಬಣ್ಣದ ಗಾಜಿನ ಕಿಟಕಿಗಳನ್ನು ಒಂದು ಚಾಪೆಲ್ಲಿನಲ್ಲಿ ಕೂರಿಸಿದರು. ದುಡಿಮೆಯೇ ಪ್ರಾರ್ಥನೆ ಎಂಬ ಬೆನೆಡಿಕ್ಟೀನ್ ಭಾವ ಅವುಗಳ ವಸ್ತು. ನೆಲ ಅಗೆಯುವವರು, ಹೊರೆ ಹೊರುವವರು ಹಳದಿ ಬೆಳಕಿನಲ್ಲಿ ಮುಳುಗಿದ್ದಾರೆ. 1340ರ ಕಿಟಕಿಗಳಲ್ಲಿ ಸರದಾರರಿಗೆ ಸಿಕ್ಕ ಜಾಗ ಇಲ್ಲಿ ದುಡಿಯುವವರಿಗೆ ಸಿಕ್ಕಿದೆ. ಈ ದೇವಾಲಯದ ಮಟ್ಟಿಗೆ ಅದು ಬಹಳ ತಡವಾಗಿ ಸಂದ ಸಾಲ.

2007ರ ಜುಲೈ 20ರಂದು ಸುರಿದ ಮಳೆಗೆ ಎರಡೂ ನದಿಗಳು ದಡ ಮೀರಿದವು. ಊರು ದ್ವೀಪವಾಯಿತು, ಪ್ರಾಣಹಾನಿಯೂ ಆಯಿತು. ಊರಾಚೆಯ ಮೈಥ್ ನೀರು ಶುದ್ಧೀಕರಣ ಕೇಂದ್ರ ಮುಳುಗಿ, ಗ್ಲಾಸ್ಟರ್‌ಶೈರ್‌ನ ಸುಮಾರು ಮೂರೂವರೆ ಲಕ್ಷ ಜನರಿಗೆ ಹಲವು ದಿನ ನಲ್ಲಿ ನೀರಿಲ್ಲದಾಯಿತು. 1760ರ ನಂತರ ಮೊದಲ ಬಾರಿಗೆ ನೆರೆನೀರು ಅಬೆಯ ಒಳಗೂ ಬಂತು. ಆಕಾಶದಿಂದ ತೆಗೆದ ಚಿತ್ರದಲ್ಲಿ ಸುತ್ತಲೂ ಕಂದುನೀರು, ನಡುವೆ ದೇವಾಲಯವೂ ಅದರ ಪಕ್ಕದ ಒಂದಿಷ್ಟು ಹಸಿರು ನೆಲವೂ ಕಾಣುತ್ತವೆ. ಆ ಚಿತ್ರ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು. ಥಿಯೋಕ್‌ನ ಕಾಲದಿಂದ ನೀರಿನ ಸ್ವಭಾವ ಬಲ್ಲವರು ಕೊಂಚ ಎತ್ತರದ ಜಾಗವನ್ನೇ ಆರಿಸಿದ್ದರು ಎಂಬುದಕ್ಕೆ ಅದು ಸಾಕ್ಷಿ.

ಪ್ರತಿಷ್ಠೆಯ ಒಂಬೈನೂರನೆಯ ವರ್ಷ ಬಂದದ್ದು ಕೋವಿಡ್ ಕಾಲದಲ್ಲಿ. 2020ರ ಮಾರ್ಚ್‌ನಲ್ಲಿ ದೇಶದ ಎಲ್ಲ ಚರ್ಚುಗಳಂತೆ ಇದರ ಬಾಗಿಲೂ ಮುಚ್ಚಿತ್ತು. 2021ರಲ್ಲಿ ಜನ ಮತ್ತೆ ಸೇರುವಂತಾದಾಗ ಪ್ರತಿಷ್ಠೆಯ ಒಂಬೈನೂರನೆಯ ವರ್ಷದ ಜೊತೆಗೆ ಯುದ್ಧದ ಐನೂರೈವತ್ತನೆಯ ವರ್ಷವೂ ಕೂಡಿಬಂದಿತ್ತು.

ಇಂಗ್ಲೆಂಡಿನ ಅತಿ ದೊಡ್ಡ ಊರಚರ್ಚುಗಳಲ್ಲಿ ಒಂದಾದ ಈ ಕಟ್ಟಡದ ಮಾಡು, ಕಲ್ಲು, ಗಾಜು, ಗಂಟೆ, ಆರ್ಗನ್ ಎಲ್ಲದರ ಹೊಣೆ ಈಗಲೂ ಇಲ್ಲಿನ ಸಭೆಯದು. ಒಳಗೆ ಬರುವವರಿಂದ ಶುಲ್ಕ ಪಡೆಯುವುದಿಲ್ಲ, ಕಾಣಿಕೆ ಕೇಳುತ್ತಾರೆ. ದಾರಿ ತೋರಿಸುವವರು, ಹೂ ಜೋಡಿಸುವವರು, ಗೋಪುರದಲ್ಲಿ ಹಗ್ಗ ಹಿಡಿದು ಗಂಟೆ ಬಾರಿಸುವವರು ಹೆಚ್ಚಾಗಿ ಸುತ್ತಮುತ್ತಲಿನ ಸ್ವಯಂಸೇವಕರು. ಮಾಡಿಗೆ ಇಂದಿಗೂ ಸೀಸವನ್ನೇ ಹೊದಿಸುತ್ತಾರೆ, ಅದರ ರಿಪೇರಿಗೆ ಹಣ ಕೂಡಿಸುವ ಕೆಲಸ ಚರ್ಚ್ ವಾರ್ಡನ್‌ಗಳ ಕೈಯಲ್ಲೇ ಇದೆ.